ತೇಪೆ ಬಿದ್ದ ಜಾಗ

ಕಂಪ್ಯೂಟರಿನೊಳಗೆ ಕರ್ನಲ್ ಯಜಮಾನ, ಟ್ರೇಸರ್ ಅವನ ಗುಮಾಸ್ತ. ಯಾವ ಕೆಲಸಕ್ಕೆ ಎಷ್ಟು ಕ್ಷಣ ಹಿಡಿಯಿತೆಂದು, ಕೆಲಸ ಮಾಡುವ ಪ್ರೊಸೆಸರ್ ಬರೆದಿಟ್ಟಿದ್ದನ್ನು ಓದಿ ಹೇಳುವುದು ಗುಮಾಸ್ತನ ಉದ್ಯೋಗ. ಹತ್ತು ವರ್ಷದಲ್ಲಿ ತಾನು ಒಮ್ಮೆಯೂ ತಪ್ಪಿಲ್ಲ ಎಂಬ ಜಂಬ ಅವನಿಗಿತ್ತು.

ಹಳೆಯ ಪ್ರೊಸೆಸರ್ ಹೋಗಿ ಬೇರೆ ತಳಿಯ ಪ್ರೊಸೆಸರ್ ಬಂದ. ಮೊದಲ ದಿನವೇ ಟ್ರೇಸರ್ ದೂರು ಒಯ್ದ.

"ಯಜಮಾನರೇ, ಇವನು ಶುದ್ಧ ಸೋಮಾರಿ. ಒಂದು ಸಣ್ಣ ಕೆಲಸಕ್ಕೆ ತೊಂಬತ್ತೊಂದು ಕ್ಷಣ ತೆಗೆದುಕೊಂಡಿದ್ದಾನೆ."

"ಹತ್ತೊಂಬತ್ತೇ ಸ್ವಾಮಿ. ನಾನೇ ಬರೆದಿಟ್ಟಿದ್ದೇನೆ," ಎಂದ ಪ್ರೊಸೆಸರ್.

"ನಾನು ಓದಿದ್ದು ಸುಳ್ಳೇನೋ, ಇವತ್ತು ಬಂದವನೇ?"

ಕರ್ನಲ್ ರಿಪೇರಿಗೆಂದು, ದೋಷವಿದ್ದಲ್ಲಿ ಅಂಟಿ ಸರಿಪಡಿಸುವ ತೇಪೆಯನ್ನು ಕರೆಸಿದ. "ಸಂಜೆಯೊಳಗೆ ಸರಿಹೋಗದಿದ್ದರೆ ಈ ಹೊಸಬನನ್ನು ಕಿತ್ತು ಹಾಕುತ್ತೇನೆ," ಎಂದ.

ತೇಪೆ ಬಂತು. ಅದರ ಉದ್ದ ಒಂದೇ ಸಾಲು ಬರಹ. ಟ್ರೇಸರ್ ನಕ್ಕ.

"ಇಷ್ಟೇನಾ ನೀನು? ಇವನ ಮೈಯೆಲ್ಲ ತೂತು. ಎಲ್ಲಿ ಅಂತ ಮುಚ್ಚುತ್ತೀಯೆ?"

ತೇಪೆ ಪ್ರೊಸೆಸರನ್ನು ಕೇಳಿತು: "ತಮ್ಮಾ, ಅಂಕಿಗಳನ್ನು ಯಾವ ಕಡೆಯಿಂದ ಬರೆಯುತ್ತೀ?"

"ಬಲಗಡೆಯಿಂದ. ನಮ್ಮ ಕಡೆ ಎಲ್ಲರೂ ಹಾಗೆಯೇ."

"ಗುಮಾಸ್ತರಿಗೆ ಹೇಳಲಿಲ್ಲವೇ?"

"ಅವರು ಕೇಳಲಿಲ್ಲ."

ತೇಪೆ ತಿರುಗಿ ಬಂದು ಟ್ರೇಸರನ ಮೈಮೇಲೆ ಕೂತಿತು.

"ಅಯ್ಯೋ, ನನಗೇಕೆ?"

"ತೂತು ಇರುವುದು ಇಲ್ಲಿ," ಎಂದಿತು ತೇಪೆ. ಅದರಲ್ಲಿದ್ದ ಸಾಲು ಇಷ್ಟೇ: ಓದುವ ಮುಂಚೆ, ಯಾವ ಕಡೆಯಿಂದ ಎಂದು ಕೇಳು.

ಟ್ರೇಸರ್ ಕೇಳಿದ. ಬಲಗಡೆಯಿಂದ ಓದಿದ. ಆಮೇಲೆ ಬಹಳ ಮೆಲ್ಲಗೆ, "ಹತ್ತೊಂಬತ್ತು," ಎಂದ.

"ಗಟ್ಟಿಯಾಗಿ ಹೇಳು," ಎಂದ ಕರ್ನಲ್. "ದೂರು ಹೇಳುವಾಗ ಚೆನ್ನಾಗಿ ಕೇಳಿಸಿತ್ತು."