ತುಂಗಕ್ಕನ ಪಾಲಿನ ಬಂಡೆ

ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ಮೂಗು ಚುಚ್ಚಿಸಿಕೊಳ್ಳದ ಕಾಲ. ಹೊಳೆ ಕಡಲನ್ನು ಸೇರುವ ಅಳಿವೆಯ ಹತ್ತಿರ ಹೊಳೆಬಾಗಿಲು ಅಂತ ಒಂದು ಊರಿತ್ತಂತೆ. ಆ ಊರಿನಲ್ಲಿ ತುಂಗಕ್ಕ ಅಂತ ಒಬ್ಬಳು ಮೊಗವೀರರ ಹೆಂಗಸು ಇದ್ದಳಂತೆ. ಅವಳು ಕೂತದ್ದನ್ನು ಕಂಡವರೇ ಇಲ್ಲವಂತೆ. ಗಂಜಿ ಉಣ್ಣುವುದೂ ನಿಂತೇ, ತಲೆ ಬಾಚುವುದೂ ನಡೆಯುತ್ತಲೇ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಊರವರು ನಗಾಡುತ್ತಿದ್ದರು.

ನಗಾಡಿದವರಿಗೆ ಒಂದು ಸಂಗತಿ ಮರೆತುಹೋಗಿತ್ತು. ಅವಳು ಹುಟ್ಟಿದ್ದು ಎಲ್ಲರ ಹಾಗೆಯೇ. ಚೊಚ್ಚಲ ಮಗ ಒಂದು ಮಳೆಗಾಲದಲ್ಲಿ ಹಸಿದು ಹಸಿದು ಅವಳ ಮಡಿಲಲ್ಲೇ ಹೋದ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಮಡಕೆಯಲ್ಲಿ ಅಕ್ಕಿ ಇರುವುದಿಲ್ಲ. ಆಗ ಅವಳು ಕೂತಿದ್ದಳು, ಮಗುವನ್ನು ಹಿಡಿದುಕೊಂಡು. ಆಮೇಲೆ ಕೂರಲಿಲ್ಲ. ಅಷ್ಟೇ.

ಹೊಳೆಯ ನಡುವೆ ಒಂದು ಹೆಬ್ಬಂಡೆ. ಅದರ ಮೈ ತುಂಬ ಮುರು. ಮುರು ಅಂದರೆ ಗೊತ್ತಲ್ಲ, ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ ಸಿಂಪಿ, ಒಳಗೆ ಒಂದು ತುತ್ತು ಮಾಂಸ. ಮಗ ಹೋದ ಮೇಲೆ ತುಂಗಕ್ಕ ಉಳಿ, ಸುತ್ತಿಗೆ ಹಿಡಿದು ಆ ಬಂಡೆಯ ಮೇಲೇ ಬಾಳಿದಳಂತೆ. ಇಳಿತದಲ್ಲಿ ಮುರು ಕೆತ್ತುವುದನ್ನೂ, ಒಣಗಿಸಿ ಮಳೆಗಾಲಕ್ಕೆ ಇಡುವುದನ್ನೂ ಊರ ಹೆಂಗಸರಿಗೆ ಕಲಿಸಿದವಳು ಅವಳೇ. ಮನೆಗೊಂದು ಪಾಲು ಅಂತ ಬಂಡೆಯನ್ನು ಹಂಚಿಕೊಂಡರು. ಅಲ್ಲಿಂದ ಮುಂದೆ ಹೊಳೆಬಾಗಿಲಿನಲ್ಲಿ ಮಳೆಗಾಲದ ಹಸಿವಿಗೆ ಮಗು ಸಾಯಲಿಲ್ಲ ಅನ್ನುತ್ತಾರೆ. ಅವಳು ಕಲಿಸಿದ ಒಂದು ಮಾತು ಎಲ್ಲರ ನಾಲಿಗೆಯ ಮೇಲೂ ಇತ್ತು. ಬಾಯಿ ಮುಚ್ಚಿದ್ದು ಬದುಕಿದ್ದು, ಬಾಯಿ ಬಿಟ್ಟದ್ದು ಸತ್ತದ್ದು. ಬುಟ್ಟಿಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದ ಮುರುವನ್ನು ತಿನ್ನಬೇಡಿ ಅಂತ ಅದರ ಅರ್ಥ.

ಮುರುವಿನ ಮಾತು ಅವಳಿಗೆ ಕೇಳಿಸುತ್ತಿತ್ತು ಅನ್ನುತ್ತಾರೆ. ನೀವು ನಂಬುವುದಾದರೆ ನಂಬಿ, ಬಿಡುವುದಾದರೆ ಬಿಡಿ. ಉಬ್ಬರದ ನೀರು ಏರಿದಾಗ ಮುರು ಬಾಯಿ ತುಸು ತೆರೆದು ನೀರು ಕುಡಿಯುತ್ತದೆ, ಸೋಸುತ್ತದೆ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಉಗುಳುತ್ತದೆ. ನೀರು ಇಳಿಯುವಾಗ ಒಂದೊಂದಾಗಿ ಟಿಕ್ ಟಿಕ್ ಅಂತ ಬಾಯಿ ಮುಚ್ಚುತ್ತದೆ. ಆ ಸದ್ದಿಗೆ ಅವಳು ಕಿವಿ ಕೊಟ್ಟು ನಿಲ್ಲುವಳಂತೆ. ಇಡೀ ದಿನದಲ್ಲಿ ಅವಳ ಕಾಲು ಅಲ್ಲಾಡದೆ ನಿಲ್ಲುತ್ತಿದ್ದದ್ದು ಅದೊಂದೇ ಹೊತ್ತು.

ಒಂದು ವರ್ಷ ಬೇಸಿಗೆ ಹುಟ್ಟುವ ಮೊದಲೇ ಬಿಸಿಲು ಹುಟ್ಟಿತಂತೆ. ಕಡಲು ಮರಳನ್ನು ತಳ್ಳಿ ತಳ್ಳಿ ಅಳಿವೆಯ ಬಾಯಿಗೆ ದಿಬ್ಬ ಕಟ್ಟಿಬಿಟ್ಟಿತು. ಉಬ್ಬರ ಒಳಗೆ ಬರುವಂತಿಲ್ಲ, ಹೊಳೆ ಹೊರಗೆ ಹೋಗುವಂತಿಲ್ಲ. ಊರವರಿಗೆ ಹಬ್ಬ. ಸಿಕ್ಕಿಬಿದ್ದ ಮೀನನ್ನು ಮೊಣಕಾಲುದ್ದ ನೀರಿನಲ್ಲೇ ಬಾಚಿಕೊಂಡರು, ಗಂಡಸರು ದೋಣಿಗಳನ್ನು ಹೊಳೆಯಲ್ಲೇ ಕಟ್ಟಿ ಮರದ ನೆರಳಿನಲ್ಲಿ ಮಲಗಿದರು. ಹೆಂಗಸರು ಇಳಿತಕ್ಕೆ ಕಾಯದೆ ಬೇಕೆಂದಾಗ ನೀರಿಗಿಳಿದು ಮುರು ಕೆತ್ತಿದರು. ಎಲ್ಲ ಮುರುವೂ ಬಾಯಿ ಬಿಗಿದುಕೊಂಡಿವೆ, ಈ ವರ್ಷ ಒಂದೂ ಹಾಳಿಲ್ಲ ಅಂತ ಹಿಗ್ಗಿದರು.

ತುಂಗಕ್ಕ ಮಾತ್ರ ಹಿಗ್ಗಲಿಲ್ಲ. ನೀರಿನೊಳಗಿದ್ದೂ ಮುರು ಬಾಯಿ ಮುಚ್ಚಿಕೊಂಡಿದೆ ಅಂದರೆ ಏನು? ಅವಳು ಬಗ್ಗಿ ಬಂಡೆಯ ಮೇಲೆ ಕೈಯ ನೆರಳು ಆಡಿಸಿದಳು. ನೆರಳು ಬಿದ್ದರೆ ಬಾಯಿ ತೆರೆದ ಮುರು ಸರಕ್ಕನೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳುವುದಕ್ಕೆ ಒಂದೂ ತೆರೆದಿರಲಿಲ್ಲ. ನೀರನ್ನು ಬೊಗಸೆಯಲ್ಲೆತ್ತಿ ಮೂಸಿದಳು. ಹಗ್ಗದ ನಾರಿಗೆ ಅಂತ ಮೇಲುಹೊಳೆಯಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯ ನಾತ. ಬೇರೆ ವರ್ಷ ಉಬ್ಬರ ಬಂದು ಅದನ್ನು ತೊಳೆದುಕೊಂಡು ಹೋಗುತ್ತಿತ್ತು. ಈಗ ಅದು ಬಿಸಿಲಿಗೆ ಕಾದು ಕಾದು ಒಳಗೇ ಹುಳಿಯುತ್ತಿತ್ತು.

ಒಂದು ಮುರು ಒಡೆದು ನೋಡಿದಳಂತೆ. ಮಾಂಸ ನೀರುನೀರು. ಚಿಪ್ಪಿನ ಒಳಮೈ ಹೊಳೆಯಬೇಕಾದದ್ದು ಸುಣ್ಣ ಉದುರುವ ಗೋಡೆಯ ಹಾಗೆ ಮಂಕಾಗಿತ್ತು. ಉಸಿರು ಬಿಗಿಹಿಡಿದ ಮುರುವಿಗೆ ಒಳಗೆಲ್ಲ ಹುಳಿ ಏರುತ್ತದೆ, ಆ ಹುಳಿಯನ್ನು ತಣಿಸಲು ಅದು ತನ್ನ ಮನೆಯ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ ಅಂತ ಅವಳಿಗೆ ಗೊತ್ತಿತ್ತು. ಮಳೆಗಾಲದ ಸಿಹಿನೀರು ಬಂದಾಗಲೂ ಮುರು ಹೀಗೆ ಬಾಯಿ ಮುಚ್ಚುವುದುಂಟು. ಆದರೆ ತಂಪಿನಲ್ಲಿ ಹಿಡಿದ ಉಸಿರು ಬೇರೆ, ಕಾವಿನಲ್ಲಿ ಹಿಡಿದ ಉಸಿರು ಬೇರೆ. ತಂಪಿನಲ್ಲಿ ಅದರ ಎದೆ ನಿಧಾನ ಬಡಿಯುತ್ತದೆ, ಒಳಗಿದ್ದದ್ದು ಬಹಳ ದಿನ ಬರುತ್ತದೆ. ಕಾವಿನಲ್ಲಿ ಬೇಗ ಬೇಗ ಉರಿದು ಮುಗಿಯುತ್ತದೆ. ಮುಗಿದ ದಿನ ಇಡೀ ಬಂಡೆ ಒಟ್ಟಿಗೆ ಬಾಯಿ ಬಿಡುತ್ತದೆ.

ಮನೆಯಲ್ಲಿ ಮಗಳು ನೀಲು ಬಸುರಿ. ಮಳೆ ಹಿಡಿಯುವ ಹೊತ್ತಿಗೆ ಹೆರಿಗೆ. ಮಳೆಗಾಲ, ಖಾಲಿ ಮಡಕೆ, ಮಡಿಲಲ್ಲಿ ಕೂಸು. ತುಂಗಕ್ಕನಿಗೆ ಮುಂದಕ್ಕೆ ಯೋಚಿಸಲಾಗಲಿಲ್ಲ. ಬಂಡೆಯಿಂದ ಮನೆಗೆ, ಮನೆಯಿಂದ ದಿಬ್ಬಕ್ಕೆ, ದಿಬ್ಬದಿಂದ ಮತ್ತೆ ಬಂಡೆಗೆ ಓಡಾಡಿದಳು.

"ಅಬ್ಬೆ, ಒಂದ್ ಗಳ್ಗಿ ಕೂಕೋ ಕಾಂಬ," ಅಂದಳಂತೆ ನೀಲು. "ನಂಗೆ ನಿನ್ ಕಂಡೇ ಸುಸ್ತ್ ಆತ್ತ್."

ಅವಳು ಕೂರಲಿಲ್ಲ. ಊರಿನ ಗುರಿಕಾರ ಹೆರಿಯಣ್ಣನ ಮನೆಗೆ ಹೋದಳು. ಅವನು ಅವಳ ಸ್ವಂತ ಅಣ್ಣ. ಕುಲದ ನ್ಯಾಯ ಹೇಳುವವನು ಅವನು, ಮೊದಲ ಮಳೆ ಬಿದ್ದ ಮೇಲೆ ಕಡಲಿಗೆ ಕಾಯಿ ಒಡೆದು ದಿಬ್ಬ ಕಡಿಸುವವನೂ ಅವನು. ಅದಕ್ಕೆ ಮೊದಲು ಯಾರೂ ದಿಬ್ಬಕ್ಕೆ ಹಾರೆ ಹಾಕುವಂತಿಲ್ಲ ಅಂತ ಕಟ್ಟಳೆ. ತುಂಗಕ್ಕ ಎರಡು ಮಡಕೆ ಹೊತ್ತುಕೊಂಡು ಹೋಗಿದ್ದಳಂತೆ. ಒಂದರಲ್ಲಿ ಹೊಳೆಯ ನೀರು, ಒಂದರಲ್ಲಿ ದಿಬ್ಬದಾಚೆಯ ಕಡಲ ನೀರು. ಎರಡರಲ್ಲೂ ಮುರು. ಅಣ್ಣನ ಜಗಲಿಯ ಮೇಲೆ ಇಟ್ಟು, ಸ್ವಲ್ಪ ಕಾದು ನೋಡು ಅಂದಳು.

"ಅಣ್ಣಯ್ಯ, ಮುರು ಉಸ್ರ್ ಹಿಡ್ಕಂಡ್ ಕೂತಿತ್. ದಿಬ್ಬ ಕಡಿಸ್."

ಹೆರಿಯಣ್ಣ ಎಲೆಯಡಿಕೆಯ ಕವಳ ಉಗುಳಿ ನಕ್ಕನಂತೆ. "ಬಾಯ್ ಮುಚ್ಚಿದ್ ಬದ್ಕಿದ್ ಅಂದೇಳಿ ಊರಿಗೆಲ್ಲ ಹೇಳ್ದವ್ಳ್ ನೀನೇ ಅಲ್ದಾ? ಈಗ ಎಂತಕ್ಕೆ ಬೊಬ್ಬೆ ಹೊಡಿತೆ?"

"ಅದ್ ಬುಟ್ಟಿ ಮಾತ್ ಅಣ್ಣಯ್ಯ. ನೀರಿನ್ ಮಾತ್ ಅಲ್ಲ."

ಯಾರು ಕೇಳುತ್ತಾರೆ? ತಾನು ನೆಟ್ಟ ಮುಳ್ಳು ತನ್ನ ಕಾಲಿಗೇ ಚುಚ್ಚಿದಂತಾಯಿತು ಅವಳಿಗೆ. ಅವಳ ಮಾತಿನಿಂದಲೇ ಊರು ಅವಳ ಬಾಯಿ ಮುಚ್ಚಿಸಿತು. ಕಾಯಿ ಒಡೆಯದೆ ದಿಬ್ಬ ಮುಟ್ಟಿದರೆ ತಂಗಿ ಅಂತಲೂ ನೋಡುವುದಿಲ್ಲ ಅಂತ ಹೆರಿಯಣ್ಣ ಹೇಳಿ ಒಳಗೆ ಹೋದ. ಅವನು ಹೋದ ಮೇಲೆ ಕಡಲ ನೀರಿನ ಮಡಕೆಯಲ್ಲಿದ್ದ ಮುರು ಮೆಲ್ಲಗೆ ಬಾಯಿ ತೆರೆಯಿತಂತೆ. ನೋಡಲು ತುಂಗಕ್ಕ ಒಬ್ಬಳೇ ಇದ್ದಳು.

ಅಮಾವಾಸ್ಯೆಯ ದೊಡ್ಡ ಇಳಿತ. ಕಡಲು ಹಿಂದೆ ಹಿಂದೆ ಸರಿದು, ಹೊಳೆ ಎತ್ತರದಲ್ಲಿ ನಿಂತಿತ್ತು. ನಡುಮಧ್ಯಾಹ್ನ ಊರೆಲ್ಲ ನೆರಳಿನಲ್ಲಿ ಬಿದ್ದುಕೊಂಡಿದ್ದಾಗ ತುಂಗಕ್ಕ ಹಾರೆ ಹಿಡಿದು ದಿಬ್ಬ ಹತ್ತಿದಳು. ಕಾದ ಮರಳಿನ ಮೇಲೆ ಬೊಕ್ಕೆ ಎದ್ದ ಕಾಲಿನಲ್ಲಿ ನಿಂತು ಅಗೆದಳು. ಹಾರೆ ಸೋತಾಗ ತೆಂಗಿನ ಗರಟೆಯಿಂದ ಗೋರಿದಳು, ಗರಟೆ ಒಡೆದಾಗ ಕೈಯಿಂದ. ಮೊದಲು ಬೆರಳಗಲದ ನೀರು ಹರಿಯಿತಂತೆ. ಆಮೇಲೆ ಮೊಳದಗಲ. ಆಮೇಲೆ ಅವಳು ಪಕ್ಕಕ್ಕೆ ಹಾರಿದಳು, ಮಿಕ್ಕದ್ದನ್ನು ಹೊಳೆಯೇ ಕಡಿದುಕೊಂಡಿತು. ಆನೆ ಗಾತ್ರದ ಅಲೆ ಎದ್ದಿತು, ತುಂಗಕ್ಕ ಅದರ ಬೆನ್ನೇರಿ ನಿಂತಿದ್ದಳು ಅಂತ ಕೆಲವರು ಹೇಳುತ್ತಾರೆ. ಹೇಳುವವರಿಗೇನು, ನಾಲಿಗೆಗೆ ಮೂಳೆಯಿಲ್ಲ. ನನ್ನ ಅಜ್ಜಿ ಹೇಳಿದ್ದು, ಅವಳು ಮರಳಿನ ಮೇಲೆ ಬೋರಲು ಬಿದ್ದು ಅಳುತ್ತಿದ್ದಳು ಅಂತ.

ನಾತದ ನೀರೆಲ್ಲ ಹೋಯಿತು. ಅದರ ಜೊತೆಗೆ ಊರಿನ ಮೀನೂ ಹೋಯಿತು, ಹೊಳೆಯಲ್ಲಿ ಕಟ್ಟಿದ್ದ ದೋಣಿಗಳಲ್ಲಿ ಕೆಲವು ಹಗ್ಗ ಹರಿದುಕೊಂಡು ಹೋದವು. ಹೆರಿಯಣ್ಣನ ದೋಣಿ ಬಂಡೆಗೆ ಬಡಿದು ಎರಡು ಹೋಳಾಯಿತು. ಮರಳಿ ಉಬ್ಬರ ಬಂದಾಗ ತಿಳಿನೀರು ಒಳಗೆ ನುಗ್ಗಿ ಹೆಬ್ಬಂಡೆಯನ್ನು ಮುಳುಗಿಸಿತು. ಅದನ್ನು ನೋಡುವಷ್ಟು ತಾಳ್ಮೆ ಅಂದು ಯಾರಿಗೂ ಇರಲಿಲ್ಲ.

ಕುಲದವರು ಸೇರಿದರು. ಹೆರಿಯಣ್ಣ ತಂಗಿಯ ಮುಖ ನೋಡದೆ ತೀರ್ಪು ಹೇಳಿದನಂತೆ. ಇನ್ನು ತುಂಗಕ್ಕ ಉಳಿ ಮುಟ್ಟಬಾರದು. ಬಂಡೆಯಲ್ಲಿ ಅವಳ ಪಾಲನ್ನು ಅವಳಾಗಲಿ, ಅವಳ ಮಗಳಾಗಲಿ, ಇನ್ನಾರೇ ಆಗಲಿ ಕೆತ್ತಬಾರದು. ಬಂಡೆಯನ್ನು ಬಿಟ್ಟರೆ ಬದುಕೇ ಇಲ್ಲದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಯಾವುದಿತ್ತು?

ಅಷ್ಟರಲ್ಲೇ ಕಾವಿಗೆ ಸೋತಿದ್ದ ಮುರು ಸತ್ತವು. ಬಂಡೆಯ ಅರ್ಧದಷ್ಟು ಬಾಯಿ ಬಿಟ್ಟು ಬಿಳಿಚಿಕೊಂಡಿತು. ತುಂಗಕ್ಕ ಹೇಳಿದ್ದು ನಿಜ ಅಂತ ಆಗ ಊರಿಗೆ ಬುದ್ಧಿ ಬಂತು. ಉಳಿದರ್ಧ ಮೆಲ್ಲಗೆ ನೀರು ಕುಡಿದು ಮೈ ತುಂಬಿಕೊಂಡಿತು. ಮಳೆ ಹಿಡಿಯಿತು, ನೀಲು ಹೆಣ್ಣು ಹೆತ್ತಳು. ನೆರೆಹೊರೆಯ ಹೆಂಗಸರು ತಮ್ಮ ತಮ್ಮ ಪಾಲಿನಿಂದ ಒಂದೊಂದು ಹಿಡಿ ಮುರು ತಂದು ಅವಳ ಗಂಜಿಗೆ ಹಾಕಿದರಂತೆ. ಕೂಸು ಬದುಕಿತು. ಆದರೂ ಹೆರಿಯಣ್ಣ ತೀರ್ಪು ಹಿಂದಕ್ಕೆ ಪಡೆಯಲಿಲ್ಲ. ಗುರಿಕಾರ ಆಡಿದ ಮಾತನ್ನು ನುಂಗುವಂತಿಲ್ಲ ಅಂದ. ಜಂಬ, ಮತ್ತೇನು!

ತುಂಗಕ್ಕ ಸಾಯುವವರೆಗೂ ದಡದ ಉದ್ದಕ್ಕೂ ಓಡಾಡಿದಳು, ಬಂಡೆಗೆ ಮಾತ್ರ ಕಾಲಿಡಲಿಲ್ಲ. ಇಳಿತದಲ್ಲಿ ಹೆರಿಯಣ್ಣ ದಿನಾ ಬಂಡೆಯ ಮೇಲೆ ಹೋಗಿ ನಿಲ್ಲುತ್ತಿದ್ದನಂತೆ. ಕಟ್ಟಳೆ ಯಾರೂ ಮುರಿಯದ ಹಾಗೆ ಕಾಯುತ್ತಿದ್ದೇನೆ ಅನ್ನುತ್ತಿದ್ದ. ಅವನು ಬಗ್ಗಿ ತಂಗಿಯ ಪಾಲಿಗೆ ಕಿವಿ ಇಟ್ಟದ್ದನ್ನು, ದಡದ ಮೇಲೆ ತುಂಗಕ್ಕ ಅವನನ್ನು ನೋಡುತ್ತ ಅಲ್ಲಾಡದೆ ನಿಂತದ್ದನ್ನು ಹೆಂಗಸರು ಕಂಡಿದ್ದಾರೆ.

ಕೆತ್ತದೆ ಬಿಟ್ಟ ಆ ಪಾಲಿನಲ್ಲಿ ಮುರು ಅಂಗೈಗಿಂತ ದೊಡ್ಡದಾಗಿ ಬೆಳೆಯಿತು. ವರ್ಷ ವರ್ಷ ಅವು ನೀರಿಗೆ ಹಾಲಿನ ಹಾಗೆ ಬೀಜ ಬಿಟ್ಟವು. ಆ ಬೀಜ ಉಬ್ಬರದಲ್ಲಿ ತೇಲಿ ಬೋಳಾದ ಬಂಡೆಗೆಲ್ಲ ಕಚ್ಚಿಕೊಂಡಿತು. ಇವತ್ತು ನೀವು ಉಣ್ಣುವ ಮುರುವಿಗೆಲ್ಲ ಅದೇ ತಾಯಿ.

ಈಗಲೂ ಹೊಳೆಬಾಗಿಲಿನಲ್ಲಿ ಆ ಪಾಲಿಗೆ ಯಾರೂ ಉಳಿ ಇಡುವುದಿಲ್ಲ. ಬಂಡೆಗೆ ಹೋಗುವ ಹೆಂಗಸು ಮೊದಲು, ನೀರು ಪೂರಾ ಇಳಿಯುವ ಮುಂಚೆಯೇ, ಅಲ್ಲಿ ಕೈಯ ನೆರಳು ಆಡಿಸುತ್ತಾಳೆ. ಮುರು ಸರಕ್ಕನೆ ಬಾಯಿ ಮುಚ್ಚಿದರೆ, ಸರಿ ತುಂಗಕ್ಕ ಅಂತ ಹೇಳಿ ತನ್ನ ಪಾಲಿಗೆ ಹೋಗುತ್ತಾಳೆ. ನೆರಳಿಗೆ ಅಲ್ಲಾಡದಿದ್ದರೆ ಬುಟ್ಟಿಯನ್ನು ಬೋರಲು ಹಾಕಿ ಮನೆಗೆ ಬರುತ್ತಾಳೆ. ಆ ದಿನ ಗುರಿಕಾರನ ಮನೆಯವರು ಯಾರನ್ನೂ ಕೇಳುವುದಿಲ್ಲ, ಕಾಯಿ ಒಡೆಯಲೂ ಕಾಯುವುದಿಲ್ಲ. ದಿಬ್ಬಕ್ಕೆ ಬೀಳುವ ಮೊದಲ ಹಾರೆ ಅವರದೇ.