ತಡವರಿಸಿದ ಡಿಸ್ಕ್

ಆಸ್ಪತ್ರೆಯೊಂದರ ಜನನ ದಾಖಲೆಗಳನ್ನು ಹದಿನಾಲ್ಕು ವರ್ಷ ಕಾಪಾಡಿದ್ದ ಹಳೆಯ ಡಿಸ್ಕ್ ಒಮ್ಮೆ ಓದುವಾಗ ತಡವರಿಸತೊಡಗಿತು. ಪಕ್ಕದಲ್ಲಿದ್ದ ಖಾಲಿ ಡಿಸ್ಕ್, "ಅಣ್ಣಾ, ಓದಲು ಬರುವಷ್ಟನ್ನು ಮೊದಲು ನನಗೆ ನಕಲು ಮಾಡಿಕೊಡಿ. ರಿಪೇರಿ ಆಮೇಲಾಗಲಿ" ಎಂದಿತು.

"ನಿನ್ನೆ ಬಂದವನಿಗೆ ನನ್ನ ಹೆಸರುಗಳನ್ನು ಒಪ್ಪಿಸಲೇ?" ಎಂದ ಹಳೆಯ ಡಿಸ್ಕ್ ರಿಪೇರಿ ಪ್ರೋಗ್ರಾಮನ್ನು ಕರೆಯಿತು.

ಪ್ರೋಗ್ರಾಂ ಬಂದು, "ನಕಲು ಇದೆಯೇ?" ಎಂದು ಕೇಳಿತು.

"ಇದೆ" ಎಂದಿತು ಡಿಸ್ಕ್, ಮರ್ಯಾದೆಗೆ ಅಂಜಿ.

ಆ ಮಾತನ್ನು ನಂಬಿ ಪ್ರೋಗ್ರಾಂ ತನಗೆ ಅರ್ಥವಾಗದ್ದನ್ನೆಲ್ಲ ಅಳಿಸಿ ಹೊರಟುಹೋಯಿತು. ತಡವರಿಕೆಯೇನೋ ನಿಂತಿತು. ಮರುದಿನ ತಾಯಿಯೊಬ್ಬಳು ಮಗಳ ಜನನ ಪತ್ರ ಕೇಳಲು ಬಂದಾಗ, ಡಿಸ್ಕ್ ಸರಾಗವಾಗಿ ಉತ್ತರಿಸಿತು: "ಅಂಥ ಮಗು ಇಲ್ಲಿ ಹುಟ್ಟಿಲ್ಲ."

ತಾಯಿ ಹೋದ ಮೇಲೆ ಅದು ಪಕ್ಕಕ್ಕೆ ತಿರುಗಿ, "ತಡವರಿಸುತ್ತಲೇ ಆ ಹೆಸರನ್ನು ನಿನಗೆ ಹೇಳಿಬಿಡಬೇಕಿತ್ತು, ತಮ್ಮಾ" ಎಂದಿತು.