ಒಂದು ಚೂರೂ ಪೋಲಾಗದ ತೊಟ್ಟಿಲು

ಪೆದ್ದರ ಕತೆ ಹೇಳೋಕೆ ಬುದ್ಧಿವಂತನೇ ಬೇಕು. ಅದಕ್ಕೇ ನಮ್ಮೂರಲ್ಲಿ ಎಲ್ಲರೂ ನನ್ನನ್ನೇ ಕರೀತಾರೆ. ಹತ್ತಿರ ಸರಿದು ಕೂತ್ಕೊಳ್ಳಿ.

ಪುಟ್ಟೀರಮ್ಮನಿಗೆ ಒಬ್ಬನೇ ಮಗ, ಕೆಂಡಗಣ್ಣ. ಆಳು ಎತ್ತಿನಂಥವನು. ಹೇಳಿದ್ದನ್ನ ಮಾಡ್ತಾನೆ, ಹೇಳಿದ್ದಷ್ಟೇ ಮಾಡ್ತಾನೆ. ಕುರಿ ಕಾಯೋಕೆ ಕಳಿಸಿದಳು, ವಾಪಸ್ ಕಳಿಸಿದ್ರು. ಗಾಣಕ್ಕೆ ಕಳಿಸಿದಳು, ವಾಪಸ್ ಕಳಿಸಿದ್ರು. ಕೊನೆಗೆ ಉಳಿದದ್ದು ಬಡಗಿ ಮೌನಾಚಾರ್ರ ಕೊಟ್ಟಿಗೆ ಒಂದೇ.

"ಮಗಾ, ಇಲ್ಲಿಂದಲೂ ವಾಪಸ್ ಬಂದ್ರೆ ನಿನ್ನ ಇಟ್ಕೊಳ್ಳೋರು ಈ ಊರಲ್ಲಿ ಯಾರೂ ಇಲ್ಲ ಕಣಪ್ಪಾ! ಆಚಾರ್ರು ಹೇಳಿದಂಗೆ ಮಾಡು."

"ಆಗ್ಲಿ ಕಣವ್ವಾ!"

ಆಚಾರ್ರು ಪಟೇಲರ ಮೊಮ್ಮಗನಿಗೆ ತೇಗದ ತೊಟ್ಟಿಲು ಮಾಡ್ತಿದ್ರು. "ನೆಲದ ಮೇಲಿರೋದನ್ನೆಲ್ಲ ಗುಡಿಸಿ ಒಲೆಗೆ ಹಾಕೋ" ಅಂತ ಹೇಳಿ ನೀರು ಕುಡಿಯೋಕೆ ಹೋದ್ರು. ಕೆಂಡಗಣ್ಣ ಗುಡಿಸಿದ. ಹೊಟ್ಟು ಹಾಕಿದ, ಚೂರು ಹಾಕಿದ, ಕಡೆದು ನುಣುಪು ಮಾಡಿ ಮಲಗಿಸಿಟ್ಟಿದ್ದ ತೊಟ್ಟಿಲ ಕಾಲನ್ನೂ ಹಾಕಿದ.

"ಅಯ್ಯೋ ಪೆದ್ದೇ! ತೇಗ ಕಣೋ, ತೇಗ! ಬೆಳೆಯೋಕೆ ನಮ್ಮಪ್ಪನ ಕಾಲ ಬೇಕಾಯ್ತು, ಉರಿಯೋಕೆ ಬೀಡಿ ಸೇದೋ ಹೊತ್ತು! ಇನ್ಮೇಲೆ ಬಿದ್ದದ್ದನ್ನ ಸುಡಬೇಡ, ಎತ್ತಿ ಅಟ್ಟದ ಮೇಲಿಡು!"

"ಆಗ್ಲಿ ಆಚಾರ್ರೇ!"

ಮಾರನೇ ದಿನ ತೊಟ್ಟಿಲು ನೋಡೋಕೆ ಪಟೇಲರೇ ಬಂದ್ರು. ಹೊಟ್ಟಿನ ಮೇಲೆ ಕಾಲಿಟ್ರು, ಜಾರಿದ್ರು, ಧೊಪ್ಪಂತ ಬಿದ್ರು. ಕೆಂಡಗಣ್ಣ ಓಡಿ ಬಂದ, ಎತ್ತಿದ, ಅಟ್ಟದ ಮೇಲಿಟ್ಟ.

"ಏಯ್! ಇಳಿಸೋ ನನ್ನ!"

"ಬಿದ್ದದ್ದು ಅಟ್ಟಕ್ಕೆ, ಪಟೇಲ್ರೇ!"

ಮೀಸೆ ತುಂಬ ಹೊಟ್ಟು ಮೆತ್ತಿಕೊಂಡು ಪಟೇಲರು ಇಳಿದ್ರು. ಆಚಾರ್ರು ತಲೆ ಚಚ್ಚಿಕೊಂಡ್ರು. "ಏನನ್ನೇ ಆಗ್ಲಿ, ಮುಟ್ಟೋಕೆ ಮುಂಚೆ ಒಂದು ಮಾತು ಕೇಳಬಾರದೇನೋ!"

"ಕೇಳ್ತೀನಿ ಆಚಾರ್ರೇ!"

ಮಾರನೇ ದಿನ ದಿಮ್ಮಿ ಕೊಯ್ಯೋಕೆ ಹೇಳಿದ್ರು. ಕೆಂಡಗಣ್ಣ ದಿಮ್ಮಿ ಮುಂದೆ ಕುಕ್ಕರಗಾಲಲ್ಲಿ ಕೂತ. "ಕೊಯ್ಲಾ?" ದಿಮ್ಮಿ ಸುಮ್ಮನಿತ್ತು. "ಕೊಯ್ಲಾ ಅಂದೆ!" ಸುಮ್ಮನಿತ್ತು. ಬಿಸಿಲು ನೆತ್ತಿಗೆ ಬಂದ್ರೂ ಕೈಕಟ್ಟಿ ಕೂತೇ ಇದ್ದ.

"ಮರಕ್ಕೆ ಬಾಯಿದ್ಯೇನೋ! ಕೇಳಿದಾಗ ಬೇಡ ಅನ್ನದಿದ್ರೆ ಕೊಯ್ದುಬಿಡು! ಈಗ ತೊಟ್ಟಿಲಿಗೆ ತಳ ಒಂದು ಬಾಕಿ. ಪಟೇಲರು ಬಂದುಬಿಡ್ತಾರೆ. ಹೊಸ ಮರ ಪೋಲು ಮಾಡಬೇಡ, ಇರೋ ಹಳೇ ಹಲಗೇಲೇ ಹೊಂದಿಸು. ಇದೂ ಕೆಟ್ರೆ ನಿಮ್ಮವ್ವನ ಹತ್ರ ಹೋಗು!" ಅಂತ ಆಚಾರ್ರು ಊಟಕ್ಕೆ ಹೋದ್ರು.

ಕೆಂಡಗಣ್ಣ ಸುತ್ತ ನೋಡಿದ. ಒಂದು ಹಳೇ ಹಲಗೆ ಕಣ್ಣಿಗೆ ಬಿತ್ತು. ಗಟ್ಟಿ, ಅಗಲ. "ಕೊಯ್ಲಾ?" ಅದು ಬೇಡ ಅನ್ನಲಿಲ್ಲ.

ಪಟೇಲರು ಬಂದ್ರು, ತಳ ಗುದ್ದಿ ನೋಡಿದ್ರು. "ಭಲೇ! ಇದರ ಮೇಲೆ ಆನೆಮರೀನೂ ಮಲಗಿಸಬಹುದು!" ಅಂತ ತೊಟ್ಟಿಲು ಗಾಡಿಗೇರಿಸಿಕೊಂಡು ಹೋದ್ರು.

"ಒಂದು ಚೂರೂ ಪೋಲಾಗಿಲ್ಲ! ಶಭಾಷ್!" ಅಂದ್ರು ಊಟ ಮುಗಿಸಿ ಬಂದ ಆಚಾರ್ರು. ಬುತ್ತಿ ತಂದಿದ್ದ ಪುಟ್ಟೀರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆಚಾರ್ರು ಕೆಂಡಗಣ್ಣನ ಬೆನ್ನು ತಟ್ಟಿದ್ರು. "ಇನ್ನು ನೀನು ಇಲ್ಲೇ ಇರು ಕಣೋ. ಈಗ ಬಾಗಿಲು ಹಾಕು, ಸಂತೆಗೆ ಹೋಗಿ ಬರೋಣ."

"ಎಲ್ಲಿಂದ ಹಾಕ್ಲಿ ಆಚಾರ್ರೇ? ಬಾಗಿಲು ಪಟೇಲರ ಮನೆಗೆ ಹೋಯ್ತಲ್ಲ!"

ಆಚಾರ್ರು ಬರೀ ಚೌಕಟ್ಟು ನೋಡಿದ್ರು, ಕೂತುಬಿಟ್ರು. "ಹಂಗಾದ್ರೆ ನೀನೇ ನಿಂತ್ಕೊ ಅಲ್ಲಿ, ಬಾಗಿಲಾಗಿ! ಯಾರನ್ನೂ ಒಳಗೆ ಬಿಡಬೇಡ!"

ಕೆಂಡಗಣ್ಣ ಕೈ ಎರಡೂ ಚಾಚಿ ಚೌಕಟ್ಟಿಗೆ ಒತ್ತಿ ನಿಂತ. ನಾಯಿ ಬಂತು, ಬಿಡಲಿಲ್ಲ. ಕೋಳಿ ಬಂತು, ಬಿಡಲಿಲ್ಲ. ಹೊತ್ತು ಇಳಿಯೋಕೆ ಮುಂಚೆ ಆಚಾರ್ರು ಸಂತೆಯಿಂದ ಹೊಸ ಬಾಗಿಲು ಹೊತ್ತು ಬಂದ್ರು.

"ಸರಿಯೋ ಪಕ್ಕಕ್ಕೆ!"

ಕೆಂಡಗಣ್ಣ ಅಲುಗಾಡಲಿಲ್ಲ.

"ಹೊಸ ಮರ ಯಾಕೆ ಪೋಲು ಮಾಡ್ತೀರಾ ಆಚಾರ್ರೇ? ಇರೋದ್ರಲ್ಲೇ ಹೊಂದಿಸಿ! ಎರಡು ಕೀಲು ತಂದು ನನ್ನ ಇಲ್ಲಿಗೇ ಜಡಿದುಬಿಡಿ. ಆಮೇಲೆ ಯಾರೂ ನನ್ನ ವಾಪಸ್ ಕಳಿಸೋಕಾಗಲ್ಲ!"

ಬಾಗಿಲು ಹೊತ್ತವರು ಆಚೆ, ಬಾಗಿಲಾದವನು ಈಚೆ. ನಾನೇ ಹೋಗಿ ಕೇಳಿದೆ ಸ್ವಾಮಿ, ನನಗೂ ದಾರಿ ಬಿಡಲಿಲ್ಲ ಅಂದ್ರೆ ನೋಡಿ!